ಬಿಳಿಚಿಕೊಂಡ ಮುದ್ದೆ

ಚಂದಾಪುರದಲ್ಲಿ ಹೊಸೂರು ರಸ್ತೆ ಬಿಟ್ಟು ಆನೇಕಲ್ ಕಡೆ ತಿರುಗಿದರೆ ಬಾಡಿಗೆ ಮನೆಗಳ ಬಿಲ್ಡಿಂಗ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಶಿಫ್ಟ್ ಮೇಲೆ ಹೋಗುವವರು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಕ್ಯಾಬ್ ಹತ್ತುವವರು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಬೊಮ್ಮಸಂದ್ರದಲ್ಲಿ ಮೆಟ್ರೊ ಹಿಡಿಯುವವರು ಇಲ್ಲಿದ್ದಾರೆ. ದುಡಿದು ಬಂದವರಿಗೆ ಮನೆಯೂಟ ಬೇಕು. ಮನೆಯಲ್ಲೇ ಅಡುಗೆ ಮಾಡಿ ಮಾರುವವರಿಗೆ ಗಿರಾಕಿ ಬೇಕು. ಇಬ್ಬರನ್ನೂ ಕೂಡಿಸುವುದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ. 2014ರಲ್ಲಿ ಬೆಂಗಳೂರಿನಲ್ಲೇ ಸ್ವಿಗ್ಗಿ ಶುರುವಾಯಿತು. ಅಲ್ಲಿಂದೀಚೆಗೆ ಊಟಕ್ಕಿಂತ ಮೊದಲು ಊಟದ ಚಿತ್ರ ಕೈಗೆ ಬರುವುದು ರೂಢಿಯಾಗಿಬಿಟ್ಟಿದೆ.

ಅಂಥದೊಂದು ಅಡುಗೆಮನೆಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಎಂಟೂವರೆ. ಕಪ್ಪು ಗ್ರಾನೈಟ್ ಕಟ್ಟೆಯ ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಈಗಷ್ಟೇ ಕಟ್ಟಿದ ರಾಗಿಮುದ್ದೆ, ಬಟ್ಟಲಲ್ಲಿ ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಒಂದಿಷ್ಟು ಪಲ್ಯ. ಮುದ್ದೆಯ ನೆತ್ತಿಯಲ್ಲಿ ತುಪ್ಪ ಕರಗುತ್ತಿದೆ. ಅಡುಗೆ ಮಾಡಿದಾಕೆ ತಟ್ಟೆಯ ನೇರ ಮೇಲೆ ಫೋನ್ ಹಿಡಿದು ಚಿತ್ರ ತೆಗೆಯುತ್ತಾರೆ. ಲೇಔಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ನೋಡಿದರೆ ಮುದ್ದೆ ಸಿಮೆಂಟಿನ ಉಂಡೆಯಂತೆ ಬಿಳಿಚಿಕೊಂಡಿದೆ. ಸಾರಿಗೆ ಕಳೆ ಇಲ್ಲ. ತಟ್ಟೆಯ ಅಂಚಿನಲ್ಲಿ ಟ್ಯೂಬ್‌ಲೈಟಿನ ಬಿಳಿ ಗೆರೆ, ನಡುವೆ ಫೋನ್ ಹಿಡಿದ ಕೈಯ ನೆರಳು. ‘ಈ ಮೊಬೈಲೇ ಸರಿಯಿಲ್ಲ’ ಎಂಬ ಮಾತು ಆಗ ತಾನಾಗಿ ಬರುತ್ತದೆ.

ಮೊಬೈಲಿನ ತಪ್ಪು ಇಲ್ಲಿ ತೀರಾ ಕಡಿಮೆ. ಆ ಚಿತ್ರದ ಒಂದೊಂದು ದೋಷಕ್ಕೂ ಭೌತಶಾಸ್ತ್ರದಲ್ಲೋ ಮಿದುಳಿನ ನಡವಳಿಕೆಯಲ್ಲೋ ಕಾರಣ ಉಂಟು. ಹವ್ಯಾಸಿಗಳ ಚಿತ್ರವನ್ನು ವಿಮರ್ಶಿಸುವುದೆಂದರೆ ಆ ಕಾರಣವನ್ನು ಹುಡುಕಿ ಹೇಳುವುದು. ಅದಕ್ಕೆ ರಾಗಿಮುದ್ದೆಗಿಂತ ಒಳ್ಳೆಯ ಮಾದರಿ ಸಿಗಲಾರದು. ಮುದ್ದೆ ಕಪ್ಪಗಿದೆ, ಗುಂಡಗಿದೆ, ಒದ್ದೆಯಾಗಿ ಹೊಳೆಯುತ್ತದೆ. ಮೂರೂ ಕ್ಯಾಮೆರಾಗೆ ಕಷ್ಟ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿಗೆ ಲೋಕದ ಮುಂದೆ ನಿಲ್ಲುವ ಅವಕಾಶ ಬಂತು. ಲೋಕಕ್ಕೆ ಅದು ಅದರದೇ ಬಣ್ಣದಲ್ಲಿ ಕಾಣಬೇಕಾದರೆ ಬೆಳಕಿನ ಲೆಕ್ಕ ಗೊತ್ತಿರಬೇಕು.

ನಡು ಬೂದಿನ ಲೆಕ್ಕ

ಎದುರಿಗಿರುವುದು ಮುದ್ದೆಯೋ ಇಡ್ಲಿಯೋ ಎಂಬುದು ಬೆಳಕಿನ ಮಾಪಕಕ್ಕೆ ತಿಳಿಯದು. ಎಷ್ಟು ಬೆಳಕು ಒಳಗೆ ಬಂತು ಎಂಬುದನ್ನು ಮಾತ್ರ ಅದು ಅಳೆಯುತ್ತದೆ. ಸಾಮಾನ್ಯ ದೃಶ್ಯವೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸರಾಸರಿ ಶೇ. 18ರಷ್ಟನ್ನು ಹಿಂದಿರುಗಿಸುತ್ತದೆ ಎಂದು ಛಾಯಾಗ್ರಾಹಕರು ಬಹಳ ಹಿಂದೆಯೇ ಇಟ್ಟುಕೊಂಡ ಒಂದು ಲೆಕ್ಕವಿದೆ. ಕಪ್ಪೂ ಅಲ್ಲದ ಬಿಳುಪೂ ಅಲ್ಲದ ನಡು ಬೂದು ಬಣ್ಣ ಅದು. ಕ್ಯಾಮೆರಾ ತನ್ನ ಪಾಡಿಗೆ ಬಿಟ್ಟರೆ ಚೌಕಟ್ಟಿನೊಳಗಿನ ಸರಾಸರಿಯನ್ನು ಆ ಬೂದಿನ ಹತ್ತಿರಕ್ಕೆ ಎಳೆಯುತ್ತದೆ.

ಕಪ್ಪು ಕಟ್ಟೆ, ಕಪ್ಪು ಮುದ್ದೆ, ಕಂದು ಸಾರು ಚೌಕಟ್ಟು ತುಂಬಿದಾಗ ಬೆಳಕು ಸಾಲದೆಂದು ಕ್ಯಾಮೆರಾ ತೀರ್ಮಾನಿಸಿ ಎಲ್ಲವನ್ನೂ ಬೆಳಗಿಸುತ್ತದೆ. ಮುದ್ದೆ ಬಿಳಿಚಿಕೊಳ್ಳುತ್ತದೆ. ಬೆಳಗ್ಗೆ ಅದೇ ಕ್ಯಾಮೆರಾ ಬಿಳಿ ತಟ್ಟೆಯಲ್ಲಿನ ಇಡ್ಲಿಯನ್ನು ನೋಡಿದಾಗ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಇಡ್ಲಿ ಬೂದು ಬಡಿದುಕೊಳ್ಳುತ್ತದೆ. ಎರಡೂ ಒಂದೇ ತಪ್ಪಿನ ಎರಡು ಮುಖ. ಈಗಿನ ಫೋನುಗಳು ಚೌಕಟ್ಟನ್ನು ಹಲವು ತುಂಡು ಮಾಡಿ ಅಳೆಯುತ್ತವೆ, ಕೆಲವು ಊಟದ ತಟ್ಟೆಯನ್ನು ಗುರುತಿಸುವುದೂ ಉಂಟು. ಆದರೂ ಈ ವಾಲಿಕೆ ಪೂರ್ತಿ ಹೋಗಿಲ್ಲ. ಪರಿಹಾರ ಬೆರಳ ತುದಿಯಲ್ಲೇ ಇದೆ: ತೆರೆಯ ಮೇಲೆ ಮುದ್ದೆಯನ್ನು ಮುಟ್ಟಿದರೆ ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಮೂಡುತ್ತದೆ. ಮುದ್ದೆಗೆ ಅದನ್ನು ಕೆಳಗೆ ಎಳೆಯಬೇಕು, ಇಡ್ಲಿಗೆ ಮೇಲೆ.

ಬೆಳಕಿನ ಪ್ರಮಾಣದ್ದು ಇನ್ನೊಂದು ಕಥೆ. ನಡು ಹಗಲಿನ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ದಿನವೂ ಹೊರಗೆ 10 ಸಾವಿರದ ಆಸುಪಾಸು ಇರುತ್ತದೆ. ಒಂದೇ ಟ್ಯೂಬ್‌ಲೈಟಿನ ಅಡುಗೆಮನೆಯಲ್ಲಿ ಸಿಗುವುದು ನೂರಿನ್ನೂರು ಲಕ್ಸ್ ಮಾತ್ರ. ಕಣ್ಣು ಇದಕ್ಕೆ ಹೊಂದಿಕೊಳ್ಳುತ್ತದೆ, ಅದಕ್ಕೇ ವ್ಯತ್ಯಾಸ ನಮ್ಮ ಅರಿವಿಗೆ ಬರುವುದಿಲ್ಲ. ಫೋನಿನ ಸಂವೇದಕ ಹಾಗಲ್ಲ. ಬೆಳಕು ಫೋಟಾನ್‌ಗಳ ಮಳೆ. ಒಂದೊಂದು ಬಿಂದುವಿಗೂ ಬೀಳುವ ಹನಿಗಳ ಎಣಿಕೆಯಲ್ಲಿ ಏರುಪೇರು ಇದ್ದೇ ಇರುತ್ತದೆ, ಆ ಏರುಪೇರು ಎಣಿಕೆಯ ವರ್ಗಮೂಲದಷ್ಟು. 10 ಸಾವಿರ ಫೋಟಾನ್ ಬಿದ್ದಲ್ಲಿ ಏರುಪೇರು 100, ಅಂದರೆ ಶೇ. 1. ನೂರೇ ಬಿದ್ದಲ್ಲಿ 10, ಅಂದರೆ ಶೇ. 10. ಮಂದ ಬೆಳಕಿನ ಚಿತ್ರದಲ್ಲಿ ಮರಳು ಎರಚಿದಂಥ ಕಲೆ ಕಾಣುವುದು ಇದರಿಂದ. ಫೋನಿನ ತಂತ್ರಾಂಶ ಆ ಮರಳನ್ನು ಒರೆಸಲು ಹೋಗಿ ಜೊತೆಗೆ ಮುದ್ದೆಯ ಮೈಯ ಸಣ್ಣ ತರಿಯನ್ನೂ ಒರೆಸಿಬಿಡುತ್ತದೆ. ಉಳಿಯುವುದು ಮೇಣದ ಉಂಡೆ.

ಟ್ಯೂಬ್‌ಲೈಟಿನ ಕೆಳಗೆ ಕೆಲವೊಮ್ಮೆ ಚಿತ್ರದ ಉದ್ದಕ್ಕೂ ಮಬ್ಬು ಪಟ್ಟೆಗಳು ಮೂಡುವುದೂ ಉಂಟು. ಮನೆಯ ವಿದ್ಯುತ್ ಸೆಕೆಂಡಿಗೆ 50 ಆವರ್ತ ಹರಿಯುತ್ತದೆ, ಹಳೆಯ ದೀಪಗಳೂ ಅಗ್ಗದ ಎಲ್‌ಇಡಿಗಳೂ ಅದರಿಂದಾಗಿ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸಂವೇದಕ ಚಿತ್ರವನ್ನು ಸಾಲು ಸಾಲಾಗಿ ಓದುವಾಗ ಆ ಏರಿಳಿತ ಪಟ್ಟೆಯಾಗಿ ದಾಖಲಾಗುತ್ತದೆ.

ಉಬ್ಬೋ ತಗ್ಗೋ

ಆ ಚಿತ್ರದ ದೊಡ್ಡ ದೋಷ ಇವು ಯಾವುವೂ ಅಲ್ಲ. ಮುದ್ದೆ ಗುಂಡಗೆ ಕಾಣದೆ ಚಪ್ಪಟೆ ಬಿಲ್ಲೆಯಂತೆ ಕಾಣುತ್ತಿದೆ, ದೊಡ್ಡ ದೋಷ ಅದು.

ಚಿತ್ರಕ್ಕೆ ಇರುವುದು ಉದ್ದ, ಅಗಲ ಎರಡೇ. ಆಳವನ್ನು ಮಿದುಳು ನೆರಳಿನಿಂದ ಊಹಿಸುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಇದನ್ನು ಸರಳ ವೃತ್ತಗಳಿಂದ ತೋರಿಸಿದರು. ಮೇಲರ್ಧ ಬೆಳ್ಳಗೆ, ಕೆಳಗೆ ಬರುತ್ತಾ ಕಪ್ಪಾಗುವ ವೃತ್ತ ಮೊಟ್ಟೆಯಂತೆ ಉಬ್ಬಿ ಕಾಣುತ್ತದೆ. ಅದೇ ವೃತ್ತವನ್ನು ತಲೆಕೆಳಗು ಮಾಡಿದರೆ ಗುಳಿಯಂತೆ ತಗ್ಗಿ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂಬುದು ಮಿದುಳಿನ ನಂಬಿಕೆ. ಒಂದೇ ಸೂರ್ಯನ ಕೆಳಗೆ ಬಾಳಿದ ಜೀವಿಗಳಿಗೆ ಆ ನಂಬಿಕೆ ಸಹಜ. ಅದೇ ಕಾರಣಕ್ಕೆ ಚಂದ್ರನ ಕುಳಿಗಳ ಚಿತ್ರವನ್ನು ತಿರುಗಿಸಿ ಹಿಡಿದರೆ ಗುಡ್ಡಗಳಂತೆ ಕಾಣುತ್ತವೆ. 1998ರಲ್ಲಿ ಜೆನಿಫರ್ ಸನ್ ಮತ್ತು ಪಿಯೆಟ್ರೊ ಪೆರೋನಾ ಇನ್ನೊಂದು ವಿವರ ಸೇರಿಸಿದರು: ಬೆಳಕು ನೇರ ಮೇಲಿನಿಂದಲ್ಲ, ತುಸು ಎಡಕ್ಕೆ ವಾಲಿ ಬರುತ್ತದೆಂದು ನೋಡುಗರು ಊಹಿಸುತ್ತಾರೆ.

ಊಟದ ಚಿತ್ರಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ತಟ್ಟೆಯ ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ‘ಮೇಲೆ’ ಅಂದರೆ ಚೌಕಟ್ಟಿನ ಮೇಲಂಚು. ಕಿಟಕಿ ಅಥವಾ ದೀಪ ಆ ಕಡೆಗೆ, ಅಂದರೆ ಚಿತ್ರ ತೆಗೆಯುವವರ ಎದುರಿಗೆ ಇದ್ದರೆ ಮುದ್ದೆ ಮುದ್ದೆಯಾಗಿಯೇ ಉಬ್ಬಿ ಬರುತ್ತದೆ. ದೀಪ ಬೆನ್ನ ಹಿಂದಿದ್ದರೆ ನೆರಳು ತಿರುವುಮುರುವಾಗುತ್ತದೆ. ಮುದ್ದೆ ಗುಳಿಯೋ ದಿಣ್ಣೆಯೋ ಎಂದು ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಫೋನಿನ ಫ್ಲ್ಯಾಶ್ ಹೊತ್ತಿಸಿದರಂತೂ ನೆರಳೆಲ್ಲ ಮುದ್ದೆಯ ಬೆನ್ನಿಗೆ ಸರಿದು ಕಣ್ಮರೆಯಾಗುತ್ತದೆ. ಲೆನ್ಸಿನ ಪಕ್ಕದಲ್ಲೇ ಇರುವ ದೀಪ ಲೆನ್ಸಿಗೆ ಕಾಣುವ ಯಾವ ನೆರಳನ್ನೂ ಮಾಡಲಾರದು. ಬಹಳಷ್ಟು ಹವ್ಯಾಸಿಗಳು ದೀಪವನ್ನು ಬೆನ್ನ ಹಿಂದಿಟ್ಟುಕೊಳ್ಳುತ್ತಾರೆ. ‘ಬೆಳಕು ಹಿಂದೆ ಇರಲಿ’ ಎಂಬುದು ಗುಂಪು ಫೋಟೊ ತೆಗೆಯುವಾಗ ಹಿರಿಯರು ಹೇಳಿಕೊಟ್ಟ ಪಾಠ. ಮುಖ ತೋರಿಸಲು ಅದು ಸರಿ. ಅನ್ನದ ಅಗುಳು, ಮುದ್ದೆಯ ತರಿ, ಒತ್ತು ಶಾವಿಗೆಯ ಎಳೆ ತೋರಿಸಲು ಬೆಳಕು ಎದುರಿನಿಂದಲೋ ಪಕ್ಕದಿಂದಲೋ ಬರಬೇಕು.

ಈಗಿನ ಫೋನುಗಳು ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಬೆಸೆಯುತ್ತವೆ, ಕಪ್ಪಾದ ಭಾಗವನ್ನು ತಾವೇ ಬೆಳಗಿಸುತ್ತವೆ. ಬೆಟ್ಟದ ಮೇಲೆ ನಿಂತು ಸೂರ್ಯಾಸ್ತ ತೆಗೆಯುವಾಗ ಇದು ಉಪಕಾರಿ. ತಟ್ಟೆಯ ಮುಂದೆ ಹಾಗಲ್ಲ. ಮುದ್ದೆಗೆ ಗುಂಡಗಿನ ರೂಪ ಕೊಡುವ ನೆರಳನ್ನೇ ಅದು ತೆಳುವಾಗಿಸುತ್ತದೆ. ಸೂರ್ಯನ ಗುರುತನ್ನು ಕೆಳಗೆಳೆಯಲು ಇದು ಇನ್ನೊಂದು ಕಾರಣ.

ಕಿಟಕಿಗೆ ಪಂಚೆ

ನೆರಳು ಬೇಕು, ಆದರೆ ಕತ್ತಿಯಂಥ ಅಂಚಿನದು ಬೇಡ. ನೆರಳಿನ ಅಂಚು ಮೆದುವೋ ಗಡುಸೋ ಎಂಬುದನ್ನು ನಿರ್ಧರಿಸುವುದು ತಟ್ಟೆಯ ಕಡೆಯಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯ ದೊಡ್ಡವನಾದರೂ ದೂರದಲ್ಲಿದ್ದಾನೆ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ. ಒಂದಡಿ ದೂರದ ಫೋನ್ ಫ್ಲ್ಯಾಶಿನ ಅಗಲ ಹೆಚ್ಚೆಂದರೆ 1 ಡಿಗ್ರಿ. ಎರಡರ ನೆರಳೂ ಗಡುಸು. 4 ಅಡಿ ಅಗಲದ ಕಿಟಕಿಯಿಂದ 2 ಅಡಿ ದೂರದಲ್ಲಿ ತಟ್ಟೆ ಇಟ್ಟರೆ, ಆ ತಟ್ಟೆಯ ಪಾಲಿಗೆ ಕಿಟಕಿ 90 ಡಿಗ್ರಿಯಷ್ಟು ಹರಡಿಕೊಂಡ ದೀಪ. ನೆರಳು ಹತ್ತಿಯಂತೆ ಮೆದುವಾಗುತ್ತದೆ.

ಕಿಟಕಿಯಲ್ಲಿ ನೇರ ಬಿಸಿಲು ಬೀಳುತ್ತಿದ್ದರೆ ಗ್ರಿಲ್ಲಿನ ಸರಳುಗಳ ನೆರಳೂ ಮುದ್ದೆಯ ಮೇಲೆ ಗೆರೆ ಎಳೆಯುತ್ತದೆ. ಅದಕ್ಕೆ ತೆಳು ಬಿಳಿ ಪಂಚೆಯೊಂದನ್ನು ಕಿಟಕಿಗೆ ಇಳಿಬಿಟ್ಟರೆ ಸಾಕು. ಅರ್ಧ ಡಿಗ್ರಿಯ ಸೂರ್ಯ ಪಂಚೆಯ ಪೂರ್ತಿ ಅಗಲಕ್ಕೆ ಹರಡಿಕೊಳ್ಳುತ್ತಾನೆ. ಸ್ಟುಡಿಯೊಗಳಲ್ಲಿ ದೀಪದ ಮುಂದೆ ಕಟ್ಟುವ ಬಿಳಿ ಬಟ್ಟೆಯ ಕೆಲಸವೂ ಇದೇ. ಕಿಟಕಿಯ ಎದುರು ಬದಿಗೆ ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ಅಲ್ಲಿಂದ ಬೆಳಕು ತಿರುಗಿ ಬಂದು ನೆರಳಿನ ಕಪ್ಪನ್ನು ತುಸು ತೆಳುವಾಗಿಸುತ್ತದೆ.

ಬಡ ಸಾಮಾನಿನಿಂದ ದೊಡ್ಡ ಚಿತ್ರ ಹುಟ್ಟಿದ ಪ್ರಸಿದ್ಧ ಉದಾಹರಣೆಯೂ ಇದೆ. 1930ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗೆ ಇಟ್ಟರು. ಲಾಳಿಕೆಯ ಒಳಮೈ ಬೆಳಕನ್ನು ಸುತ್ತಲಿನಿಂದ ಕಾಯಿಯ ಮೇಲೆ ಎರಚಿತು. ನಿಮಿಷಗಟ್ಟಲೆ ಬೆಳಕಿಗೆ ಒಡ್ಡಿ ತೆಗೆದ ಆ ‘ಪೆಪ್ಪರ್ ನಂ. 30’ ಛಾಯಾಗ್ರಹಣದ ಇತಿಹಾಸದಲ್ಲಿ ನಿಂತುಬಿಟ್ಟಿದೆ.

ಯಾವ ಕಿಟಕಿ ಒಳ್ಳೆಯದು? ಪಾಶ್ಚಾತ್ಯ ಪುಸ್ತಕಗಳು ಉತ್ತರದ ಕಿಟಕಿ ಎನ್ನುತ್ತವೆ. ಯುರೋಪಿನ ಚಿತ್ರಕಾರರ ಕಾಲದಿಂದ ಬಂದ ಮಾತು ಅದು. ಲಂಡನ್ ಇರುವುದು ಉತ್ತರಕ್ಕೆ 51.5 ಡಿಗ್ರಿಯಲ್ಲಿ, ಅಲ್ಲಿ ನಡು ಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಚಂದಾಪುರ ಇರುವುದು 12.8 ಡಿಗ್ರಿಯಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ವರ್ಷಕ್ಕೆರಡು ಸಲ ‘ಶೂನ್ಯ ನೆರಳಿನ ದಿನ’ ಬರುತ್ತದೆ: ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ನಿಂತು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡು ಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಮೇ, ಜೂನ್, ಜುಲೈಯಲ್ಲಿ ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳುತ್ತದೆ. ಹಾಗಾಗಿ ಆ ಪುಸ್ತಕದ ಮಾತು ನಮ್ಮಲ್ಲಿ ನಿಜವಾಗುವುದು ಮಳೆಗಾಲ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ. ಜೂನ್–ಜುಲೈಯ ಮೋಡದ ದಿನಗಳಲ್ಲಿ ಆಕಾಶವೇ ಪಂಚೆಯಾಗಿರುವುದರಿಂದ ಯಾವ ಕಿಟಕಿಯಾದರೂ ಆದೀತು.

ಕೆಂಪು ಎಲ್ಲಿ ಹೋಯಿತು

ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರು ಕಣ್ಣಿಗೆ ಕೆಂಪಗಿತ್ತು, ಚಿತ್ರದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಇದು ತುಂಬ ಜನ ಹೇಳುವ ದೂರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಆ ಬಣ್ಣದ ಮುಖ್ಯ ಮೂಲ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಅದು ಬೆಳಕಿನ ನೀಲಿ ಮತ್ತು ಹಸಿರನ್ನು ಹೀರಿಕೊಂಡು ಕೆಂಪನ್ನು ಹಿಂದಿರುಗಿಸುತ್ತದೆ. ಹಿಂದಿರುಗಿಸಲು ಬೆಳಕಿನಲ್ಲಿ ಕೆಂಪು ಇರಬೇಕಲ್ಲ!

ಬಿಳಿ ಎಲ್‌ಇಡಿ ದೀಪದೊಳಗೆ ನಿಜವಾಗಿ ಇರುವುದು ನೀಲಿ ಎಲ್‌ಇಡಿ. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ತಂದುಕೊಟ್ಟದ್ದು ಈ ನೀಲಿ ದೀಪವೇ. ಅದರ ಮೇಲೆ ಬಳಿದ ಹಳದಿ ಹೊಳೆಯುವ ಪುಡಿ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ ಎನಿಸುತ್ತದೆ. ಅಗ್ಗದ ದೀಪಗಳಲ್ಲಿ ಕಡುಗೆಂಪು ತೀರಾ ಕಡಿಮೆ. ಡಬ್ಬಿಯ ಮೇಲೆ ‘ಸಿಆರ್‌ಐ 80’ ಎಂದು ಬರೆದಿದ್ದರೂ ಪೂರ್ತಿ ನಂಬುವಂತಿಲ್ಲ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರುತ್ತದೆ ಎಂಬ ಆ ಸೂಚ್ಯಂಕ 8 ತೆಳು ಬಣ್ಣಗಳ ಸರಾಸರಿ; ಆರ್9 ಎಂಬ ಕಡುಗೆಂಪು ಆ ಸರಾಸರಿಯೊಳಗೆ ಇಲ್ಲವೇ ಇಲ್ಲ. ಟೊಮೆಟೊ, ಮೆಣಸಿನಕಾಯಿ, ಬೀಟ್‌ರೂಟ್ ನೆಚ್ಚಿಕೊಂಡ ಅಡುಗೆಗೆ ಬೇಕಾದ ಬಣ್ಣ ಅದೇ.

ದೀಪ ಬೆರೆಸುವುದು ಇನ್ನೂ ದೊಡ್ಡ ತಪ್ಪು. ಹಳೆಯ ತಂತಿಯ ಬಲ್ಬಿನ ಬಣ್ಣದ ತಾಪ ಸುಮಾರು 2,700 ಕೆಲ್ವಿನ್, ನಡು ಹಗಲಿನ ಬಿಸಿಲಿನದು 5,500ರ ಸುಮಾರು, ಬಹಳ ಮನೆಗಳ ಬಿಳಿ ಎಲ್‌ಇಡಿಯದು 6,500. ಫೋನು ಇಡೀ ಚೌಕಟ್ಟಿಗೆ ಒಂದೇ ತಿದ್ದುಪಡಿ ಹಾಕುತ್ತದೆ. ಕಿಟಕಿಯ ಬೆಳಕೂ ಹಳದಿ ಬಲ್ಬೂ ಒಟ್ಟಿಗೆ ಇದ್ದರೆ ಅನ್ನದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ. ಹಗಲಲ್ಲಿ ಚಿತ್ರ ತೆಗೆಯುವಾಗ ಮನೆಯ ದೀಪ ಆರಿಸಿಬಿಡುವುದೇ ಇದಕ್ಕೆ ಮದ್ದು.

ಚಂದಾಪುರದಂಥ ಊರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕೈ ಚಾಚಿದರೆ ಪಕ್ಕದ ಬಿಲ್ಡಿಂಗ್ ಸಿಗುವಷ್ಟು ಹತ್ತಿರ ಮನೆಗಳಿದ್ದಲ್ಲಿ ಕಿಟಕಿಯೊಳಗೆ ಬರುವುದು ಆಕಾಶದ ಬೆಳಕಲ್ಲ, ಎದುರು ಗೋಡೆಗೆ ಬಡಿದು ಬಂದ ಬೆಳಕು. ಆ ಗೋಡೆಗೆ ಗಿಳಿಹಸಿರು ಬಳಿದಿದ್ದರೆ ಇಡ್ಲಿ ಪಾಚಿಗಟ್ಟಿದಂತೆ, ಗುಲಾಬಿ ಬಳಿದಿದ್ದರೆ ಮೊಸರನ್ನಕ್ಕೆ ದಾಳಿಂಬೆ ರಸ ಸೋಕಿದಂತೆ ಕಾಣುತ್ತದೆ. ಅಂಥ ಮನೆಯಲ್ಲಿ ತಟ್ಟೆಯನ್ನು ತಾರಸಿಗೆ ಒಯ್ದು ನೀರಿನ ಟ್ಯಾಂಕಿನ ನೆರಳಲ್ಲಿ ಇಡುವುದು ವಾಸಿ.

ಕಣ್ಣು, ಬೆಳಕು, ಬಣ್ಣ ಮೂರರ ನಂಟನ್ನು ಬೆಂಗಳೂರು ಹಿಂದೆಯೇ ಗಂಭೀರವಾಗಿ ನೋಡಿದೆ. ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂವುಗಳ ಬಣ್ಣವನ್ನೂ ಕಣ್ಣಿನ ಗ್ರಹಿಕೆಯನ್ನೂ ಇಲ್ಲಿಯೇ ಅಭ್ಯಾಸ ಮಾಡಿ, 1968ರಲ್ಲಿ ‘ದ ಫಿಸಿಯಾಲಜಿ ಆಫ್ ವಿಷನ್’ ಪುಸ್ತಕ ಪ್ರಕಟಿಸಿದರು. ಆಗ ಅವರಿಗೆ 80.

ಹೊಳಪು, ಸ್ಟೀಲು, ಹಬೆ

ಸಾರಿಗೆ ಕಳೆ ಕೊಡುವುದು ಅದರ ಮೇಲಿನ ಹೊಳಪು. ನೀರಿನ ಮೇಲ್ಮೈಗೆ ಬೆಳಕು ನೆಟ್ಟಗೆ ಬಿದ್ದರೆ ಅದರ ಶೇ. 2ರಷ್ಟು ಮಾತ್ರ ಕನ್ನಡಿಯಂತೆ ಹಿಂದಿರುಗುತ್ತದೆ. ಲಂಬದಿಂದ 60 ಡಿಗ್ರಿ ಓರೆಯಾಗಿ ಬಿದ್ದರೆ ಶೇ. 6, 80 ಡಿಗ್ರಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಕೆರೆಯ ನೀರು ಕಾಲ ಬಳಿ ತಿಳಿಯಾಗಿಯೂ ದೂರದಲ್ಲಿ ಬೆಳ್ಳಿಯ ತಗಡಾಗಿಯೂ ಕಾಣುವುದು ಇದರಿಂದಲೇ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಫ್ರೆನೆಲ್ ಕೊಟ್ಟ ಸಮೀಕರಣಗಳು ಇದನ್ನು ವಿವರಿಸುತ್ತವೆ. ಬಟ್ಟಲಿನ ಸಾರನ್ನು ನೇರ ಮೇಲಿನಿಂದ ನೋಡಿದರೆ ಕಾಣುವುದು ತಿಳಿನೀರಿನ ತಳ. ಫೋನನ್ನು ಇಳಿಸಿ, ಕಿಟಕಿಯನ್ನು ಎದುರಿಗಿಟ್ಟುಕೊಂಡು ಓರೆಯಾಗಿ ನೋಡಿದರೆ ಒಗ್ಗರಣೆಯ ಎಣ್ಣೆ ಹನಿಗಳ ಮೇಲೆ ಒಂದೊಂದು ಪುಟ್ಟ ಕಿಟಕಿ ಹೊಳೆಯುತ್ತದೆ.

ಸ್ಟೀಲ್ ತಟ್ಟೆಗೆ ಇಷ್ಟು ಸೂಕ್ಷ್ಮವಿಲ್ಲ. ಯಾವ ಕೋನದಲ್ಲೂ ಅದು ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಅದು ಕನ್ನಡಿಯೇ; ಚಾವಣಿ, ಫ್ಯಾನು, ಟ್ಯೂಬ್‌ಲೈಟು, ಚಿತ್ರ ತೆಗೆಯುವವರ ಕೈ ಎಲ್ಲವೂ ಅದರಲ್ಲಿ ಮೂಡುತ್ತವೆ. ಕನ್ನಡಿಯನ್ನು ಒರೆಸಿ ಫಲವಿಲ್ಲ. ಅದರೆದುರು ಏನಿದೆ ಎಂಬುದನ್ನು ಬದಲಿಸಬೇಕು. ತಟ್ಟೆಗೆ ಕಾಣುವ ಕಡೆ ಬಿಳಿ ಥರ್ಮೊಕೋಲ್ ಹಿಡಿದರೆ ತಟ್ಟೆಯ ತುಂಬ ಸಮನಾದ ಬಿಳುಪು ಹರಡುತ್ತದೆ.

ಹೊಳಪು ಬೇಡದ ಕಡೆ ಧ್ರುವೀಕರಣದ ಫಿಲ್ಟರ್ ಬಳಸುವವರಿದ್ದಾರೆ. ಬಾಳೆಎಲೆಯ ಮೇಣದ ಪದರ ಆಕಾಶವನ್ನು ಪ್ರತಿಫಲಿಸಿ ತನ್ನ ಹಸಿರನ್ನು ಮಸುಕಾಗಿಸುತ್ತದೆ. ಲಂಬದಿಂದ ಸುಮಾರು 55 ಡಿಗ್ರಿ ಓರೆಯಲ್ಲಿ ಆ ಪ್ರತಿಫಲನ ಬಹುತೇಕ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಾಗಿರುವುದರಿಂದ ಫಿಲ್ಟರ್ ಅದನ್ನು ತಡೆದು ಎಲೆಯ ಹಸಿರನ್ನು ಹೊರತರುತ್ತದೆ. ಸ್ಟೀಲಿನಂಥ ಲೋಹದ ಪ್ರತಿಫಲನ ಹೀಗೆ ಧ್ರುವೀಕರಣಗೊಳ್ಳುವುದಿಲ್ಲ. ಎಷ್ಟು ಬೆಲೆಯ ಫಿಲ್ಟರ್ ಹಾಕಿದರೂ ತಟ್ಟೆಯಲ್ಲಿನ ಟ್ಯೂಬ್‌ಲೈಟ್ ಹೋಗದು. ಹೊಳಪೇ ಇಲ್ಲದ ಹಿನ್ನೆಲೆ ಬೇಕಾದರೆ ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ, ಹೊಳಪು ಕೊಡದ ಕಡಪ ಕಲ್ಲು ಇವೆ. ಮುದ್ದೆಗೆ ಅಡಿಕೆ ಹಾಳೆ ಚೆನ್ನಾಗಿ ಒಪ್ಪುತ್ತದೆ: ಹಾಳೆಯ ತಿಳಿ ಬಣ್ಣದ ಎದುರು ಮುದ್ದೆಯ ಕಂದು ಎದ್ದು ಕಾಣುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸಿ ತೋರಿಸುತ್ತವೆ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ಬರೆದಿಟ್ಟಿದ್ದರು. ಬಾಳೆಎಲೆಯ ಮೇಲಿನ ಉಪ್ಪಿನಕಾಯಿ ಇನ್ನಷ್ಟು ಕೆಂಪಗೆ ಕಾಣುವುದರ ಹಿಂದೆ ಅದೇ ನಿಯಮವಿದೆ.

ಇನ್ನು ಹಬೆ. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಆವಿ ತಣಿದು ಆದ ಸಣ್ಣ ಹನಿಗಳು. ಆ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ, ಹಿಂದಕ್ಕೆ ಬಹಳ ಕಡಿಮೆ. ಹಾಗಾಗಿ ಬೆಳಕು ಹಬೆಯ ಹಿಂದಿರಬೇಕು, ಹಬೆಯ ಹಿನ್ನೆಲೆ ಕಪ್ಪಗಿರಬೇಕು. ಫ್ಲ್ಯಾಶ್ ಹಾಕಿ ತೆಗೆದ ಬಿಸಿ ಮುದ್ದೆ ತಣ್ಣಗಾದಂತೆ ಕಾಣುವುದು ಇದರಿಂದ.

ಎಲೆಯ ತುದಿ ಎಡಕ್ಕೆ

ಬೆಳಕು ಸರಿಯಾದ ಮೇಲೆ ಉಳಿಯುವುದು ಚೌಕಟ್ಟಿನ ಜೋಡಣೆ. ಮೊದಲ ತಪ್ಪು ದೂರದ್ದು. 30 ಸೆಂಟಿಮೀಟರ್ ತಟ್ಟೆಯ ಹತ್ತಿರದಂಚಿಗೆ 15 ಸೆಂಟಿಮೀಟರ್ ಸಮೀಪ ಫೋನ್ ಒಯ್ದರೆ ದೂರದಂಚು 45 ಸೆಂಟಿಮೀಟರ್ ಆಚೆ ಉಳಿಯುತ್ತದೆ. ಹತ್ತಿರದ ಪಲ್ಯ ದೂರದ ಪಲ್ಯಕ್ಕಿಂತ 3 ಪಟ್ಟು ದೊಡ್ಡದಾಗುತ್ತದೆ, ತಟ್ಟೆ ಮೊಟ್ಟೆಯಾಕಾರಕ್ಕೆ ಎಳೆಯಲ್ಪಡುತ್ತದೆ. 60 ಸೆಂಟಿಮೀಟರ್ ದೂರ ನಿಂತರೆ ಈ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವುದು ಲೇಸು.

ಎರಡನೆಯದು ಕೋನ. ದೋಸೆ, ಹೋಳಿಗೆ, ಎಲೆಯೂಟ ಮೇಲಿನಿಂದ ಚೆನ್ನ. ಅವುಗಳ ವಿವರವೆಲ್ಲ ಮೇಲ್ಮೈಯಲ್ಲಿದೆ. ಮುದ್ದೆ, ಪಡ್ಡು, ಮೈಸೂರು ಪಾಕ್ ಎತ್ತರ ಇರುವಂಥವು. ಮೇಲಿನಿಂದ ತೆಗೆದರೆ ಮುದ್ದೆ ಬರೀ ವೃತ್ತ, ಮೈಸೂರು ಪಾಕ್ ಬರೀ ಚೌಕ. ಒಳಗಿನ ಗೂಡುಗೂಡು ಕಾಣಬೇಕಾದರೆ ಫೋನು ತಿಂಡಿಯ ಮಟ್ಟಕ್ಕೆ ಇಳಿಯಬೇಕು.

ಮೂರನೆಯದು ಮೂರನೇ ಒಂದರ ನಿಯಮ. ಫೋನಿನ ತೆರೆಯ ಮೇಲೆ ಎರಡು ಅಡ್ಡ, ಎರಡು ಉದ್ದ ಗೆರೆ ಹಾಕಿಕೊಂಡು ಅವು ಕೂಡುವ ಕಡೆ ಮುಖ್ಯ ವಸ್ತು ಇಡಬೇಕೆಂದು ಕಲಿಸುತ್ತಾರೆ. ಈ ಹೆಸರಿನ ನಿಯಮವನ್ನು 1797ರಲ್ಲಿ ಬರೆದ ಇಂಗ್ಲಿಷ್ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ಮಾತನಾಡಿದ್ದು ಹಳ್ಳಿಗಾಡಿನ ದೃಶ್ಯದಲ್ಲಿ ನೆಲ ಎಷ್ಟು, ಆಕಾಶ ಎಷ್ಟು ಎಂಬ ಪಾಲಿನ ಬಗ್ಗೆ. ದುಂಡನೆಯ ತಟ್ಟೆಗೆ ಅದನ್ನು ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ. ಮುದ್ದೆ ನಡುವೆ ಕೂತರೆ ತಪ್ಪೇನೂ ಇಲ್ಲ. ತಟ್ಟೆಯ ಅಂಚು ಅರೆಬರೆ ಕತ್ತರಿಸಿರುವುದು, ಹಿನ್ನೆಲೆಯಲ್ಲಿ ಸ್ವಿಚ್‌ಬೋರ್ಡು, ಗ್ಯಾಸ್ ಸಿಲಿಂಡರ್ ಇಣುಕುವುದು ಅದಕ್ಕಿಂತ ದೊಡ್ಡ ತಪ್ಪು.

ಜೋಡಣೆಯಿಂದ ರುಚಿಯ ಅನಿಸಿಕೆಯೂ ಬದಲಾಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ಮಿಶೆಲ್, ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು 60 ಜನರಿಗೆ ಒಂದೇ ಸಾಮಗ್ರಿಯ ಸಲಾಡನ್ನು ಬೇರೆ ಬೇರೆ ರೀತಿ ಜೋಡಿಸಿ ಕೊಟ್ಟು, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ವಾಸಿಲಿ ಕಾಂಡಿನ್‌ಸ್ಕಿಯ ವರ್ಣಚಿತ್ರದಂತೆ ಜೋಡಿಸಿದ್ದನ್ನು ತಿಂದವರು ಅದು ಹೆಚ್ಚು ರುಚಿ ಎಂದರು, ಹೆಚ್ಚು ಹಣ ಕೊಡಲೂ ಸಿದ್ಧರಿದ್ದರು.

ಕನ್ನಡಿಗರಿಗೆ ಜೋಡಣೆಯ ಪಾಠ ಎಲೆಯ ಮೇಲೇ ಇದೆ. ಎಲೆಯ ತುದಿ ಉಣ್ಣುವವರ ಎಡಕ್ಕೆ, ಉಪ್ಪು ಎಡ ಮೂಲೆಗೆ, ಕೋಸಂಬರಿ ಪಲ್ಯಗಳು ಮೇಲಿನ ಸಾಲಿಗೆ, ಅನ್ನ ಕೈಗೆ ಹತ್ತಿರದ ಅರ್ಧಕ್ಕೆ. ಸಣ್ಣ ಸಣ್ಣ ಬಣ್ಣಗಳು ಮೇಲಂಚಿನಲ್ಲಿ, ದೊಡ್ಡ ಬಿಳುಪು ಕೆಳಗೆ, ಸುತ್ತ ಹಸಿರು. ಮದುವೆ ಮನೆಯಲ್ಲಿ ಚಿತ್ರ ತೆಗೆಯುವವರು ಬಡಿಸುವ ಸಾಲಿನಲ್ಲಿ ನಿಂತು ಎದುರಿನಿಂದ ತೆಗೆದರೆ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಎಲೆಯೂಟದ ಚಿತ್ರ ಉಣ್ಣುವವರು ಕೂತ ಜಾಗದಿಂದಲೇ ಬರಬೇಕು.

ಜೋಡಣೆಗೆ ಒಂದು ಗಡಿಯೂ ಇದೆ. 1960ರ ದಶಕದ ಕೊನೆಗೆ ಅಮೆರಿಕದ ಕ್ಯಾಂಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ ತರಕಾರಿ ತೇಲುವಂತೆ ಮಾಡಲಾಗಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ಪ್ರಶ್ನಿಸಿ ನಿಲ್ಲಿಸಿತು. ಹಿತಕಿದ ಬೇಳೆ ಸಾರು ತೆಗೆಯುವವರಿಗೂ ಇದೇ ತೊಡಕು: ಬೇಳೆ ತಳಕ್ಕಿಳಿಯುತ್ತದೆ. ಅಗಲವಾದ ಆಳವಿಲ್ಲದ ಬಟ್ಟಲಿಗೆ ಮೊದಲು ಬೇಳೆ, ಆಮೇಲೆ ಸಾರು ಬಿಟ್ಟರೆ ಇದ್ದದ್ದು ಇದ್ದಂತೆ ಕಾಣುತ್ತದೆ, ಕೊಂಡವರಿಗೆ ಮೋಸವೂ ಆಗುವುದಿಲ್ಲ. ಬಣ್ಣದ ಫಿಲ್ಟರ್ ಎಳೆದು ಸಾರನ್ನು ಕುಂಕುಮ ಮಾಡುವುದು ಗೋಲಿ ಹಾಕಿದಂತೆಯೇ.

ಎರಡನೇ ಚಿತ್ರ

ಆ ಅಡುಗೆಮನೆಗೆ ಮರಳೋಣ. ಭಾನುವಾರ ಬೆಳಗ್ಗೆ ಒಂಬತ್ತು. ಟ್ಯೂಬ್‌ಲೈಟ್ ಆರಿದೆ. ಕಿಟಕಿಗೆ ಪಂಚೆ, ಕಿಟಕಿಯಿಂದ 2 ಅಡಿಗೆ ಸ್ಟೂಲು, ಸ್ಟೂಲಿನ ಮೇಲೆ ಅಡಿಕೆ ಹಾಳೆಯ ತಟ್ಟೆ. ಕಿಟಕಿ ಎದುರಿಗೆ, ತುಸು ಎಡಕ್ಕೆ. ಬಲಗಡೆ ಟಿವಿ ಡಬ್ಬಿಯಿಂದ ತೆಗೆದ ಥರ್ಮೊಕೋಲ್. ಹಬೆಯ ಹಿಂದೆ ಕಪ್ಪು ಕೊಡೆ ಬಿಚ್ಚಿಟ್ಟಿದೆ. ಫೋನು 2 ಅಡಿ ದೂರದಲ್ಲಿ, ಮುದ್ದೆಗಿಂತ ಸ್ವಲ್ಪವೇ ಮೇಲೆ. ತೆರೆಯ ಸೂರ್ಯನನ್ನು ಅರ್ಧ ಬೆರಳು ಕೆಳಗೆಳೆದಿದೆ. ಈ ಚಿತ್ರದಲ್ಲಿ ಮುದ್ದೆಗೆ ಒಂದು ಬದಿ ಬೆಳಕು, ಒಂದು ಬದಿ ಕತ್ತಲೆ. ತುಪ್ಪ ಹೊಳೆಯುತ್ತದೆ, ರಾಗಿ ರಾಗಿಯ ಬಣ್ಣಕ್ಕಿದೆ. ಫೋನು ಅದೇ ಹಳೆಯ ಫೋನು.

ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿ ಸಂಘಗಳು ಹತ್ತಾರು ವರ್ಷಗಳಿಂದ ಚಿತ್ರ ತೆಗೆಯುವುದನ್ನೂ ನೋಡುವುದನ್ನೂ ಒಟ್ಟಿಗೆ ಕಲಿಸುತ್ತ ಬಂದಿವೆ. ಆ ಅಭ್ಯಾಸ ಮೊಬೈಲಿನ ಕಾಲಕ್ಕೂ ಬೇಕು. ಗೆಳತಿಯೋ ನೆಂಟರೋ ತಾವು ಮಾಡಿದ ಅಡುಗೆಯ ಚಿತ್ರ ಕಳಿಸಿದಾಗ ಬರೀ ‘ಸೂಪರ್’ ಎಂದು ಬರೆದು ಮುಗಿಸಬೇಡಿ. ನೆರಳು ಯಾವ ಕಡೆ ಬಿದ್ದಿದೆ, ತಟ್ಟೆಯಲ್ಲಿ ಏನು ಪ್ರತಿಫಲಿಸಿದೆ, ಇಡ್ಲಿ ಬೆಳ್ಳಗಿದೆಯೇ ಎಂದು ಒಂದು ನಿಮಿಷ ನೋಡಿ, ಕಂಡ ಒಂದು ದೋಷವನ್ನೂ ಅದರ ಕಾರಣವನ್ನೂ ತಿಳಿಸಿ. ಅವರ ಮುಂದಿನ ಚಿತ್ರಕ್ಕೆ ಅದು ನೆರವಾಗುತ್ತದೆ.